ಪಂಪಿನ ಜಾಗ

ನಮ್ಮ ಮನೆಯ ಜಗಲಿಯಲ್ಲಿ ಒಂದು ಕಪ್ಪುಬಿಳುಪು ಫೋಟೋ ಇದೆ. ದೊಡ್ಡಪ್ಪ ಬುಲೆಟ್ ಮೇಲೆ ಕೂತಿದ್ದಾರೆ, ಪಕ್ಕದ ಸೈಡ್‌ಕಾರಿನಲ್ಲಿ ದೊಡ್ಡಮ್ಮ. ದೊಡ್ಡಮ್ಮನ ಮುಡಿಯಲ್ಲಿ ಒಂದು ಚೆಂಡು ಶಂಕರಪುರ ಮಲ್ಲಿಗೆ. ಮನೆಗೆ ಬಂದವರೆಲ್ಲ ಅದರ ಮುಂದೆ ಒಮ್ಮೆ ನಿಲ್ಲುತ್ತಾರೆ. "ಎಷ್ಟು ಚಂದ ಅಲ್ವಾ, ಆ ಕಾಲದಲ್ಲೇ ಗಂಡ ಹೆಂಡತಿ ಹೀಗೆ ಊರೂರು ಸುತ್ತಿದ್ದಾರೆ ನೋಡಿ" ಅನ್ನುತ್ತಾರೆ. ನಾವೂ ಹಾಗೇ ನಂಬಿದ್ದೆವು. ದೊಡ್ಡಪ್ಪ ಪಂಪ್ ರಿಪೇರಿ ಮಾಡುವವರು, ಕೆಲಸಕ್ಕೆ ಬುಲೆಟ್‌ನಲ್ಲೇ ಹೋಗುತ್ತಿದ್ದರು ಅನ್ನುವುದು ಗೊತ್ತಿತ್ತು. ಆದರೆ ಸೈಡ್‌ಕಾರ್ ಮಾತ್ರ ದೊಡ್ಡಮ್ಮನಿಗಾಗಿ ತಂದದ್ದು ಅಂತ ಯಾರೋ ಯಾವಾಗಲೋ ಹೇಳಿ, ಅದೇ ಮನೆಯ ಕಥೆಯಾಗಿಬಿಟ್ಟಿತ್ತು. ದೊಡ್ಡಮ್ಮ ಯಾವತ್ತೂ ಹೌದು ಅಂದವರಲ್ಲ. ಅಲ್ಲ ಅಂತಲೂ ಅಂದಿರಲಿಲ್ಲ.

ಆ ಬುಲೆಟ್ ಬಾರ್ಕೂರಿನ ನಮ್ಮ ಮನೆಯ ಕಟ್ಟಿಗೆ ಕೊಟ್ಟಿಗೆಯಲ್ಲಿ ಮೂವತ್ತು ವರ್ಷ ನಿಂತಿತ್ತು. 1972ರ ಗಾಡಿ. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬರುವ ಮೊದಲಿನದು, ಹಾಗಾಗಿ ನಂಬರ್ ಎಂವೈ ಅಂತ ಶುರುವಾಗುತ್ತದೆ. ದೊಡ್ಡಪ್ಪ ಅದನ್ನು ಕೊನೆಯ ಸಲ ಓಡಿಸಿದ್ದು 1994ರ ಬೇಸಗೆಯಲ್ಲಿ. ಆಮೇಲೆ ಬೆನ್ನುನೋವು, ಆಮೇಲೆ ಅವರೇ ಇಲ್ಲ. ಹೋದ ವರ್ಷ ಮಳೆ ಮುಗಿದ ಮೇಲೆ ಕೊಟ್ಟಿಗೆಯ ಹಂಚು ತೆಗೆಸಿ ಶೀಟು ಹಾಕುವ ಅಂತ ಹೊರಟಾಗ ಗುಜರಿಯವನೊಬ್ಬ ಬಂದ. ಗಾಡಿಯನ್ನು ಸುತ್ತು ಹಾಕಿ ನೋಡಿ, ತೂಕದ ಲೆಕ್ಕದಲ್ಲಿ ಒಂದು ಬೆಲೆ ಹೇಳಿದ. ನನಗೆ ಹೊಟ್ಟೆ ಚುರುಕ್ ಅಂದಿತು. ದೊಡ್ಡಮ್ಮನಿಗೆ ಹಾಗೇನೂ ಆಗಲಿಲ್ಲ. ಎಂಬತ್ತು ದಾಟಿದೆ, ಆದರೂ ಲೆಕ್ಕದಲ್ಲಿ ಒಂದು ರೂಪಾಯಿ ಆಚೀಚೆ ಆಗುವುದಿಲ್ಲ. "ನಿಂತ ಗಾಡಿಗೆ ಕಬ್ಬಿಣದ ಬೆಲೆ, ಓಡುವ ಗಾಡಿಗೆ ಗಾಡಿ ಬೆಲೆ. ಮೊದಲು ಓಡಿಸು, ಆಮೇಲೆ ಮಾರುವ" ಅಂದರು. ಶುರುವಾದದ್ದು ಹೀಗೆ. ಭಾವುಕತೆ ಗೀವುಕತೆ ಏನೂ ಇರಲಿಲ್ಲ.

ಹೊರಗೆ ಎಳೆಯಲು ನಾಲ್ಕು ಜನ ಬೇಕಾಯಿತು. ಟಯರ್ ಮೂರೂ ನೆಲಕ್ಕೆ ಅಂಟಿ ಬಿರುಕು ಬಿಟ್ಟಿದ್ದವು. ಸೈಲೆನ್ಸರ್ ತುದಿಯನ್ನು ಕುಂಬಾರ ಹುಳ ಮಣ್ಣು ಮೆತ್ತಿ ಮುಚ್ಚಿತ್ತು. ಏರ್ ಫಿಲ್ಟರ್ ಡಬ್ಬಿಯೊಳಗೆ ಇಲಿ ಸಂಸಾರ ಮಾಡಿ ಖಾಲಿ ಮಾಡಿಕೊಂಡು ಹೋಗಿತ್ತು. ವೈರಿನ ಮೇಲಿನ ಪ್ಲಾಸ್ಟಿಕ್ಕನ್ನೂ ಅದೇ ತಿಂದಿತ್ತು. ಕಡಲಿನ ಉಪ್ಪುಗಾಳಿ ಇಷ್ಟು ಒಳಗೆ ಬಂದರೂ ಕಬ್ಬಿಣವನ್ನು ಬಿಡುವುದಿಲ್ಲ. ಕ್ರೋಮ್ ಇದ್ದ ಕಡೆಯೆಲ್ಲ ಚಕ್ಕೆ ಎದ್ದಿತ್ತು.

ನಾನು ಮಾಡಿದ ಮೊದಲ ಕೆಲಸವೇ ತಪ್ಪು. ಗಾಡಿ ಅಂಗಳಕ್ಕೆ ಬಂದ ಕೂಡಲೇ ಹತ್ತಿ ಕಿಕ್ಕರ್ ಒದ್ದೆ. ಕಲ್ಲು ಒದ್ದ ಹಾಗಾಯಿತು. ಮತ್ತೆ ಒದ್ದೆ. ಎರಡು ದಿನ ಬಿಟ್ಟು ಬ್ರಹ್ಮಾವರದ ಮೆಕ್ಯಾನಿಕ್ ಸಾಹೇಬರು ನೋಡಲು ಬಂದರು. ಐವತ್ತು ವರ್ಷದಿಂದ ಬುಲೆಟ್ ಬಿಟ್ಟು ಬೇರೆ ಗಾಡಿ ಮುಟ್ಟದ ಮನುಷ್ಯ. ಡಾಕ್ಟರ ಹಾಗೆ ಮೊದಲು ಕೇಳಿದ್ದು ಇದೇ: "ನೀವು ಒದ್ದಿರಾ?"

"ಎರಡು ಸಲ" ಅಂದೆ. ಹತ್ತು ಹನ್ನೆರಡಾದರೂ ಆಗಿರಬಹುದು.

"ಇನ್ನು ಅದರ ಮೈ ಮುಟ್ಟಬೇಡಿ ಮಾರಾಯ್ರೆ. ಕಿಕ್ಕರಿನ ಹಲ್ಲು ಹೋದರೆ ಅದು ಬೇರೆ ಖರ್ಚು."

ಅವರು ವಿವರಿಸಿದ್ದು ಇಷ್ಟು. ಗಾಡಿ ನಿಲ್ಲಿಸಿದಾಗ ಪಿಸ್ಟನ್ ಎಲ್ಲಿ ನಿಂತಿತೋ ಅಲ್ಲಿ ರಿಂಗು ಸಿಲಿಂಡರಿನ ಗೋಡೆಗೆ ತಾಗಿಕೊಂಡೇ ಇರುತ್ತದೆ. ರಿಂಗೂ ಕಬ್ಬಿಣ, ಗೋಡೆಯೂ ಕಬ್ಬಿಣ. ವಾಲ್ವ್ ಒಂದು ಚೂರು ತೆರೆದಿದ್ದರೆ ಸಾಕು, ನಮ್ಮ ಮಳೆಗಾಲದ ಥಂಡಿ ಗಾಳಿ ಒಳಗೆ ಹೋಗಿ ಎರಡನ್ನೂ ಸೇರಿಸಿ ತುಕ್ಕು ಹಿಡಿಸುತ್ತದೆ. ಬಲ ಹಾಕಿದರೆ ರಿಂಗು ಮುರಿಯುತ್ತದೆ, ಇಲ್ಲದಿದ್ದರೆ ಗೋಡೆ ಗೀರುತ್ತದೆ. ಕಾಯಬೇಕು, ಬೇರೆ ದಾರಿ ಇಲ್ಲ.

ಪ್ಲಗ್ ಬಿಚ್ಚಿ ಆ ತೂತಿನಿಂದ ಡೀಸೆಲ್ ಮತ್ತು ಪವರ್ ಸ್ಟೀರಿಂಗಿನ ಕೆಂಪು ಎಣ್ಣೆ ಬೆರೆಸಿ ಸುರಿದರು. ದೊಡ್ಡಮ್ಮ ತೆಂಗಿನೆಣ್ಣೆ ಹಾಕಿ ನೋಡಿ ಅಂದರು. ಸಾಹೇಬರು ನಕ್ಕು, "ಅದು ತಲೆಗೆ ಅಮ್ಮಾ" ಅಂದರು. ದಿನಾ ಬೆಳಿಗ್ಗೆ ಟಾಪ್ ಗೇರ್‌ಗೆ ಹಾಕಿ ಇಡೀ ಗಾಡಿಯನ್ನು ಹಿಂದಕ್ಕೂ ಮುಂದಕ್ಕೂ ತೊಟ್ಟಿಲಿನ ಹಾಗೆ ತೂಗುವುದು, ಎಣ್ಣೆ ಇಳಿದಿದ್ದರೆ ಮತ್ತೆ ಸುರಿಯುವುದು, ಅಷ್ಟೇ ಕೆಲಸ. ಟಾಪ್ ಗೇರೇ ಯಾಕೆ ಅಂದರೆ ಚಕ್ರದಿಂದ ಎಂಜಿನ್ ತಿರುಗಿಸಲು ಅದರಲ್ಲೇ ಸುಲಭ. ಎಂಟು ದಿನ ಏನೂ ಆಗಲಿಲ್ಲ. ಒಂಬತ್ತನೇ ದಿನ ಒಳಗಿಂದ ಟಿಕ್ ಅಂತ ಒಂದು ಸಣ್ಣ ಸದ್ದು. ಗಾಡಿ ನೂಲೆಳೆಯಷ್ಟು ಮುಂದೆ ಹೋಗಿ ನಿಂತಿತು. ನಾನು ಕಿರುಚಿದ್ದಕ್ಕೆ ಪಕ್ಕದ ಮನೆಯವರು ಹಾವೋ ಏನೋ ಅಂತ ಕೋಲು ಹಿಡಿದುಕೊಂಡು ಬಂದರು.

ಹೆಡ್ ಬಿಚ್ಚಿದ ದಿನ ನನಗೆ ಚೆನ್ನಾಗಿ ನೆನಪಿದೆ. ಪಿಸ್ಟನ್ನಿನ ತಲೆ ಮೇಲಿನ ಮಸಿಯನ್ನು ಸಾಹೇಬರು ಹಳೇ ಬ್ಲೇಡಿನಿಂದ ಮೆಲ್ಲ ಕೆರೆದರು. ಕಪ್ಪು ಹೋದ ಹಾಗೆ ಅಲ್ಯುಮಿನಿಯಂ ಮೇಲೆ ಎರಡು ಅಂಕಿ ಕಾಣಿಸಿತು. 40. ಅವರು ಬ್ಲೇಡ್ ಕೆಳಗಿಟ್ಟು ನನ್ನ ಮುಖ ನೋಡಿದರು. ಬುಲೆಟ್ 350ರ ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, ಹೊಸತರಲ್ಲಿ 70 ಮಿಲಿಮೀಟರ್. ಸಿಲಿಂಡರ್ ಸವೆದಾಗ ಲೇತಿನಲ್ಲಿ ಕೊರೆಸಿ ಸ್ವಲ್ಪ ದೊಡ್ಡ ಪಿಸ್ಟನ್ ಹಾಕುತ್ತಾರೆ. ಮೊದಲ ಸಲ 20, ಅಂದರೆ ಇಂಚಿನ ಸಾವಿರದಲ್ಲಿ 20 ಭಾಗ. ಆಮೇಲೆ 40, ಸುಮಾರು ಒಂದು ಮಿಲಿಮೀಟರ್. ಅಂದರೆ ಈ ಎಂಜಿನ್ 1994ಕ್ಕೆ ಮೊದಲೇ ಪೂರಾ ಸವೆದು, ಮತ್ತೆ ಸವೆದು, ಕೊನೆಯ ಹಂತಕ್ಕೆ ಬಂದಿತ್ತು.

"ಭಾನುವಾರ ಬೀಚಿಗೆ ಹೋದ ಗಾಡಿ ಅಲ್ಲ ಇದು. ದುಡಿದ ಗಾಡಿ" ಅಂದರು ಸಾಹೇಬರು.

ಚೈನ್ ಕವರ್ ತೆಗೆದರೆ ಗೇರ್‌ಬಾಕ್ಸಿನ ಸ್ಪ್ರಾಕೆಟ್ಟಿನಲ್ಲಿ ಎರಡು ಹಲ್ಲು ಕಡಿಮೆ. ವೇಗ ಬೇಡ, ಎಳೆಯುವ ಶಕ್ತಿ ಬೇಕು ಅನ್ನುವವರು ಮಾಡಿಸುವ ಬದಲಾವಣೆ ಅದು. ಸೈಡ್‌ಕಾರಿನ ಕೆಳಗಿನ ಪಟ್ಟಿ ಸ್ಪ್ರಿಂಗಿಗೆ ಜೀಪಿನದ್ದೋ ಏನೋ, ಒಂದು ದಪ್ಪ ಎಲೆ ಜಾಸ್ತಿ ಸೇರಿಸಿದ್ದರು. ಹೆಂಡತಿಯನ್ನು ಕೂರಿಸಿಕೊಂಡು ಹೋಗಲು ಇದೆಲ್ಲ ಯಾಕೆ?

ಆಮೇಲೆ ಸೈಡ್‌ಕಾರಿನ ತೊಟ್ಟಿಗೆ ಕೈ ಹಾಕಿದೆವು. ಹಿಂಬದಿಯ ಪ್ಲೈವುಡ್ಡನ್ನು ಗೆದ್ದಲು ತಿಂದು ಹಪ್ಪಳ ಮಾಡಿತ್ತು. ಆದರೆ ನೆಲಕ್ಕೆ ಹಾಕಿದ್ದ ಹಲಗೆ ಹಾಗೇ ಗಟ್ಟಿ ಇತ್ತು. ಹಲಸಿನ ಮರ, ನಮ್ಮ ತೋಟದ್ದೇ ಇರಬೇಕು. ಅದನ್ನೆತ್ತಿದರೆ ಕೆಳಗೆ ಎಣ್ಣೆ ಮಣ್ಣಿನ ಮುದ್ದೆ. ಮುದ್ದೆಯೊಳಗೆ ಪಂಪಿನ ಫುಟ್‌ವಾಲ್ವಿನ ಚರ್ಮದ ವಾಷರ್ ಮೂರು, ಒಂದು ಗೇಣು ಗ್ಲ್ಯಾಂಡ್ ರೋಪ್, ಹಿತ್ತಾಳೆಯ ನಿಪ್ಪಲ್, ಮುರಿದ ಪಿಸ್ಟನ್ ರಿಂಗಿನ ತುಂಡು, ಅದೂ ಬುಲೆಟ್ಟಿನದ್ದಲ್ಲ, ಯಾವುದೋ ದೊಡ್ಡ ಡೀಸೆಲ್ ಎಂಜಿನ್ನಿನದ್ದು. ಮೂವತ್ತು ವರ್ಷದ ಮೇಲೂ ಸೀಮೆಎಣ್ಣೆ ವಾಸನೆ. ಸೀಟು ಕೂರಿಸಲು ನಾಲ್ಕು ಬೋಲ್ಟಿನ ತೂತು ಇದ್ದವು. ನಾಲ್ಕರಲ್ಲೂ ಮೂಲ ಬಣ್ಣ ಹಾಗೇ ಇತ್ತು. ಬೋಲ್ಟ್ ಹಾಕಿದ ಗುರುತೇ ಇಲ್ಲ.

ದೊಡ್ಡಮ್ಮ ಜಗಲಿಯಲ್ಲಿ ಕೂತು ಅಡಿಕೆ ಹಾಳೆ ಬಿಡಿಸುತ್ತಿದ್ದರು. ನಾನು ವಾಷರನ್ನು ತೋರಿಸಿದೆ. "ಸೀಟು ಎಲ್ಲಿ ದೊಡ್ಡಮ್ಮ?"

"ಸೀಟು ಎಲ್ಲಿತ್ತು? ಅದು ಪಂಪಿನ ಜಾಗ. ನಾನು ಕೂತದ್ದು ಎರಡೇ ಸಲ. ಒಮ್ಮೆ ಫೋಟೋಕ್ಕೆ, ಒಮ್ಮೆ ಕಾಲು ಮುರಿದುಕೊಂಡಾಗ. ಫೋಟೋಕ್ಕೆ ಕೂತದ್ದೂ ಅಡುಗೆಮನೆಯ ಮಣೆ ಮೇಲೆ. ಗಾಡಿ ಸ್ಟಾರ್ಟೇ ಆಗಿರಲಿಲ್ಲ ಆವತ್ತು."

ಅಷ್ಟು ಹೇಳಿ ಮತ್ತೆ ಹಾಳೆಗೆ ಕೈ ಹಾಕಿದರು. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಅಂದರೆ, "ಯಾರು ಕೇಳಿದ್ದಾರೆ?" ಅಂದರು.

ಆಮೇಲೆ ಕೇಳಿದೆವು, ಹೇಳಿದರು. ಬ್ರಹ್ಮಾವರದಲ್ಲಿ ಆಗ ಸಕ್ಕರೆ ಕಾರ್ಖಾನೆ ಇತ್ತು, ಸುತ್ತ ಕಬ್ಬಿನ ಗದ್ದೆ. ಕಬ್ಬಿಗೆ, ಅಡಿಕೆಗೆ, ತೆಂಗಿಗೆ, ಎಲ್ಲದಕ್ಕೂ ನವೆಂಬರಿನಿಂದ ಮೇವರೆಗೆ ನೀರು ಬೇಕು. ಸೀತಾ ನದಿಯ ದಡದಲ್ಲಿ, ಪೇತ್ರಿ, ಕೊಕ್ಕರ್ಣೆ, ಹೆಬ್ರಿ ಕಡೆ ತೋಟಗಳಲ್ಲಿ ಡೀಸೆಲ್ ಎಂಜಿನ್ನು, ಸೀಮೆಎಣ್ಣೆ ಪಂಪು. ಬೇಸಗೆಯಲ್ಲಿ ಒಂದು ಪಂಪ್ ನಾಲ್ಕು ದಿನ ನಿಂತರೆ ಅಡಿಕೆ ಸೋಗೆ ಬಾಡುತ್ತದೆ, ಆದ್ದರಿಂದ ರಾತ್ರಿ ಹನ್ನೊಂದಕ್ಕೂ ಜನ ಬಂದು ಬಾಗಿಲು ತಟ್ಟುತ್ತಿದ್ದರಂತೆ, ದೊಡ್ಡಪ್ಪ ಊಟದ ತಟ್ಟೆಯಲ್ಲಿ ನೀರು ಬಿಟ್ಟು ಹೊರಟರೆ ಕೆಟ್ಟ ಪಂಪನ್ನು ತೊಟ್ಟಿಯಲ್ಲಿ ಹಾಕಿಕೊಂಡು ಬೆಳಗಿನ ಜಾವ ಬಂದು ಅಂಗಳದಲ್ಲೇ ಬಿಚ್ಚಿ ಕೂರುತ್ತಿದ್ದರಂತೆ. ಮಳೆ ಬಿತ್ತೆಂದರೆ ಕೆಲಸ ಇಲ್ಲ. ಜೂನಿನಿಂದ ಅಕ್ಟೋಬರ್‌ವರೆಗೆ ಗಾಡಿಗೂ ಅವರಿಗೂ ರಜೆ.

ಇಲ್ಲಿಂದ ನನ್ನ ತಲೆಯಲ್ಲಿ ಕೆಲಸದ ಲೆಕ್ಕ ಬದಲಾಯಿತು. ಅಲ್ಲಿವರೆಗೆ ಹೊಸದರ ಹಾಗೆ ಮಾಡಿಸಬೇಕು ಅಂತ ಆಸೆ ಇತ್ತು. ಮಂಗಳೂರಿನ ಗೆಳೆಯನೊಬ್ಬ ಕಪ್ಪು ಬಣ್ಣ, ಬಂಗಾರದ ಗೆರೆ, ಹೊಸ ಕ್ರೋಮ್, ಚರ್ಮದ ಸೀಟು, ಮದುವೆ ಫೋಟೋಕ್ಕೆ ಬಾಡಿಗೆ ಅಂತೆಲ್ಲ ಆಸೆ ಹುಟ್ಟಿಸಿದ್ದ. ಹೀಗೆ ಮಿನುಗುವ ಹಳೇ ಗಾಡಿಗಳನ್ನು ನಾನೂ ನೋಡಿದ್ದೇನೆ. ಚಂದವೇ. ಆದರೆ ಹೆಚ್ಚಿನವು ಯಾರ ಗಾಡಿ ಅಂತ ಹೇಳಲು ಬರುವುದಿಲ್ಲ. ತೊಟ್ಟಿಯ ಬಲ ಅಂಚಿನಲ್ಲಿ ಒಂದು ತಗ್ಗು ಇದೆ, ಪಂಪಿನ ಫ್ಲ್ಯಾಂಜ್ ತಾಗಿ ತಾಗಿ ಆದದ್ದು. ಅದನ್ನು ಪುಟ್ಟಿ ಹಾಕಿ ಸಮ ಮಾಡಿದರೆ ಮತ್ತೆ ಫೋಟೋದ ಸುಳ್ಳೇ ಉಳಿಯುತ್ತದೆ. ಓಡಬೇಕು, ನಿಲ್ಲಬೇಕು, ದೀಪ ಉರಿಯಬೇಕು, ಅಷ್ಟು ಸಾಕು ಅಂತ ತೀರ್ಮಾನ ಮಾಡಿದೆ.

ಬುಲೆಟ್ ಆದ್ದರಿಂದ ಬದುಕಿದೆವು ಅನ್ನಬೇಕು. 1955ರಲ್ಲಿ ಮದ್ರಾಸಿನಲ್ಲಿ ಶುರುವಾದ ಈ ಗಾಡಿಯ ಎಂಜಿನ್ನನ್ನು, ಇಂಗ್ಲೆಂಡಿನ ಮೂಲ ಕಂಪನಿ ಮುಚ್ಚಿಹೋದ ಮೇಲೂ, ಇಲ್ಲಿ ದಶಕಗಟ್ಟಲೆ ಹೆಚ್ಚು ಬದಲಾವಣೆ ಇಲ್ಲದೆ ಮಾಡುತ್ತಾ ಹೋದರು. ಸಿಲಿಂಡರಿಗೆ ಲೇತಿನಲ್ಲಿ ಹೊಸ ಲೈನರ್ ಕೂರಿಸಿ ಮತ್ತೆ 70 ಮಿಲಿಮೀಟರಿಗೆ ತಂದೆವು. ಪಿಸ್ಟನ್, ರಿಂಗು, ವಾಲ್ವ್, ಕ್ಲಚ್ ಪ್ಲೇಟು ಎಲ್ಲ ಉಡುಪಿಯಲ್ಲೇ ಸಿಕ್ಕಿತು. ಎಂಜಿನ್ ತಳದ ಪ್ಲಗ್ ಬಿಚ್ಚಿದಾಗ ಬಂದ ಎಣ್ಣೆ ಗೇರುಬೀಜದ ಸಿಪ್ಪೆ ಎಣ್ಣೆಯ ಹಾಗಿತ್ತು, ಕಪ್ಪು, ಮಂದ, ಕೈಗೆ ಹತ್ತಿದರೆ ಬಿಡದ್ದು. ಖರ್ಚು ಎಷ್ಟಾಯಿತು ಅಂತ ಕೇಳಬೇಡಿ. ಮನೆಯಲ್ಲಿ ಹೇಳಿದ ಲೆಕ್ಕ ಬೇರೆ.

ಪೆಟ್ರೋಲ್ ಟ್ಯಾಂಕಿನ ಕಥೆ ಮಾತ್ರ ಹೇಳಲೇಬೇಕು. ಒಳಗೆ ಕೈಬೆರಳು ಹಾಕಿದರೆ ಕೆಂಪು ಪುಡಿ. ಆ್ಯಸಿಡ್ ಹಾಕುವ ಅಂತ ನಾನು. ತೂತು ಬಿದ್ದೀತು ಅಂತ ಸಾಹೇಬರು. ಆಗ ದೊಡ್ಡಮ್ಮ, "ಬಿಂಬುಳಿ ಹಾಕಿ ಕಾಂಬ" ಅಂದರು. ನಮ್ಮ ಕಡೆ ಕತ್ತಿಯ ತುಕ್ಕು ತೆಗೆಯಲು ಬಿಂಬುಳಿ ಉಜ್ಜುವುದು ಹಳೇ ಅಭ್ಯಾಸ. ಅದರ ಹುಳಿಯಲ್ಲಿ ಆಕ್ಸಾಲಿಕ್ ಆ್ಯಸಿಡ್ ಜಾಸ್ತಿ. ಈ ಸಲ ಸಾಹೇಬರು ನಗಲಿಲ್ಲ. ಬಾವಿ ಕಟ್ಟೆ ಹತ್ತಿರದ ಮರದಿಂದ ಎರಡು ಬುಟ್ಟಿ ಕೊಯ್ದು, ಮಿಕ್ಸಿಯಲ್ಲಿ ರುಬ್ಬಿ, ಬಟ್ಟೆಯಲ್ಲಿ ಸೋಸಿ ಅರ್ಧ ಟ್ಯಾಂಕ್ ತುಂಬಿಸಿದೆವು. ಒಂದು ಹಿಡಿ ಸಣ್ಣ ನಟ್ಟು ಹಾಕಿ ದಿನಕ್ಕೆ ಎರಡು ಸಲ ಕುಲುಕಿ, ಮಗ್ಗುಲು ಬದಲಿಸಿ ಇಟ್ಟೆವು. ಐದನೇ ದಿನ ಸುರಿದಾಗ ಬಂದದ್ದು ಕೊಳೆತ ಗೊಜ್ಜಿನ ಬಣ್ಣ. ಟಾರ್ಚ್ ಬಿಟ್ಟು ನೋಡಿದರೆ ಒಳಗೆ ಬೂದು ಬಣ್ಣದ ಬರಿ ತಗಡು. ಸೋಡಾಪುಡಿ ನೀರಿನಲ್ಲಿ ತೊಳೆದು, ಕೂಡಲೇ ಒಣಗಿಸಿ ಡೀಸೆಲ್ ಆಡಿಸಬೇಕು, ತಡ ಮಾಡಿದರೆ ಕಣ್ಣೆದುರಿಗೇ ಮತ್ತೆ ತುಕ್ಕು ಹತ್ತುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20 ಎಥೆನಾಲ್ ಬೇರೆ. ಅದು ಗಾಳಿಯ ನೀರನ್ನು ಎಳೆದುಕೊಳ್ಳುತ್ತದೆ, ಹಳೇ ರಬ್ಬರನ್ನು ಉಬ್ಬಿಸುತ್ತದೆ. ಪೈಪು, ವಾಷರ್ ಎಲ್ಲ ಹೊಸ ಬಗೆಯದ್ದು ಹಾಕಿದೆವು. ಗಾಡಿ ತಿಂಗಳುಗಟ್ಟಲೆ ನಿಲ್ಲುವುದಾದರೆ ಟ್ಯಾಂಕ್ ಖಾಲಿ ಮಾಡಿ ಅಂತ ಸಾಹೇಬರ ಅಪ್ಪಣೆ.

ಉಳಿದದ್ದು ಸಣ್ಣ ಕೆಲಸ, ಆದರೆ ಸಾಹೇಬರ ಕೈ ನೋಡಬೇಕಾದದ್ದು ಅಲ್ಲೇ. ಕಿಡಿ ಹಾರಿಸುವ ಪಾಯಿಂಟಿನ ಸಂದು 0.35ರಿಂದ 0.40 ಮಿಲಿಮೀಟರ್ ಇರಬೇಕು. ಅದು ಯಾವ ಗಳಿಗೆಯಲ್ಲಿ ಬಿಟ್ಟುಕೊಳ್ಳುತ್ತದೆ ಅಂತ ನೋಡಲು ಬೀಡಿ ಕಟ್ಟಿನ ತೆಳು ಕಾಗದವನ್ನು ಸಿಕ್ಕಿಸಿ, ಮೆಲ್ಲ ಎಳೆಯುತ್ತಾ ಎಂಜಿನ್ ತಿರುಗಿಸಿದರು. ಕಾಗದ ಜಾರಿ ಕೈಗೆ ಬಂದ ಕ್ಷಣವೇ ಕಿಡಿ ಹಾರುವ ಕ್ಷಣ. ವಾಲ್ವನ್ನು ಎತ್ತುವ ಟ್ಯಾಪೆಟ್ಟಿಗೆ ಗೇಜೂ ಇಲ್ಲ. ತಣ್ಣಗಿರುವಾಗ ಪುಶ್‌ರಾಡನ್ನು ಎರಡು ಬೆರಳಲ್ಲಿ ಹಿಡಿದರೆ ಅದು ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಮಾತ್ರ ಅಲ್ಲಾಡಬಾರದು. ನಾನು ತಿರುಗಿಸಿ ನೋಡಿದೆ, ಸರಿ ಉಂಟು ಅಂದೆ. ಅವರು ಬೆರಳಿಟ್ಟು, "ಇನ್ನೂ ಒಂದು ಕೂದಲೆಳೆ ಬಿಗಿ" ಅಂದರು.

ಜನವರಿಯ ಒಂದು ಬೆಳಿಗ್ಗೆ ಸ್ಟಾರ್ಟ್ ಮಾಡಿದೆವು. ಹಳೇ ಬುಲೆಟ್ಟನ್ನು ಒದೆಯುವುದಕ್ಕಿಂತ ಮೊದಲು ಓದಬೇಕು. ಕೀ ಹಾಕಿ ಕಿಕ್ಕರನ್ನು ನಿಧಾನ ಒತ್ತುತ್ತಾ ಹೋದರೆ ಆಂಪ್ ಮೀಟರಿನ ಮುಳ್ಳು ಒಮ್ಮೆ ಮೈನಸ್ ಕಡೆ ವಾಲಿ, ಮತ್ತೆ ನಡುವಿಗೆ ಬರುತ್ತದೆ. ಅಲ್ಲಿ ನಿಲ್ಲಿಸಬೇಕು. ಸಿಲಿಂಡರಿನ ಒತ್ತಡ ಬಿಡುವ ಡಿಕಂಪ್ರೆಷನ್ ಲಿವರ್ ಹಿಡಿದು ಕಿಕ್ಕರನ್ನು ಇನ್ನೊಂದು ಚೂರು ತಳ್ಳಿ, ಪಿಸ್ಟನ್ ಮೇಲಿನ ತುದಿ ದಾಟಿದ ಮೇಲೆ ಲಿವರ್ ಬಿಟ್ಟು, ಕಾಲು ಮೇಲೆ ತಂದು, ಒಂದೇ ಪೂರ್ತಿ ಒದೆ. ಮೊದಲ ನಾಲ್ಕು ಸಲ ಏನೂ ಇಲ್ಲ. ಐದನೆಯದ್ದಕ್ಕೆ ಢಬ್ ಅಂತ ಒಮ್ಮೆ ಸಿಡಿದು ಸೈಲೆನ್ಸರಿನಿಂದ ಉಳಿದಿದ್ದ ಹುಳದ ಮಣ್ಣೆಲ್ಲ ಹಾರಿ ತುಳಸಿಕಟ್ಟೆಗೆ ಬಡಿಯಿತು. ಆರನೆಯದ್ದಕ್ಕೆ ಹಿಡಿಯಿತು. ಅಂಗಳ ತುಂಬ ನೀಲಿ ಹೊಗೆ. ಆಮೇಲೆ ನಿಧಾನಕ್ಕೆ, ಒಂದೊಂದು ಬಡಿತವನ್ನೂ ಎಣಿಸಬಹುದು ಅನ್ನುವ ಹಾಗೆ ಹೊಡೆದುಕೊಳ್ಳತೊಡಗಿತು. ದೊಡ್ಡಮ್ಮ ಬಾಗಿಲಿಗೆ ಬಂದು ಕಿವಿಗೊಟ್ಟರು. "ಅವರದ್ದಕ್ಕೆ ಇಷ್ಟು ಸದ್ದಿರಲಿಲ್ಲ" ಅಂದರು. ಸಾಹೇಬರು ಮುಖ ಸಣ್ಣ ಮಾಡಿಕೊಂಡು ಬಗ್ಗಿ ನೋಡಿದರೆ ಸೈಲೆನ್ಸರ್ ಜಾಯಿಂಟು ಸಡಿಲ ಇತ್ತು.

ಓಡಿಸಲು ಕಲಿಯುವುದು ಬೇರೆಯೇ ಪಾಠ. ಮೊದಲು ಸೈಡ್‌ಕಾರನ್ನು ಸರಿ ಕೂರಿಸಬೇಕು. ತೋಟದಿಂದ ಗೆರೆ ಹಾಕಿದಷ್ಟು ನೇರ ಇದ್ದ ಅಡಿಕೆ ದಬ್ಬೆ ಎರಡು ಆರಿಸಿ ತಂದು, ಒಂದನ್ನು ಬೈಕಿನ ಎರಡೂ ಚಕ್ರಕ್ಕೆ, ಇನ್ನೊಂದನ್ನು ಸೈಡ್‌ಕಾರಿನ ಚಕ್ರಕ್ಕೆ ತಾಗಿಸಿ ಇಟ್ಟು ನಡುವಿನ ಅಂತರ ಅಳೆದೆವು. ಹಿಂದಕ್ಕಿಂತ ಮುಂದೆ 15 ಮಿಲಿಮೀಟರ್ ಕಡಿಮೆ ಬರಬೇಕು, ಅಂದರೆ ಪಕ್ಕದ ಚಕ್ರ ಸ್ವಲ್ಪ ಒಳಮುಖ. ಬೈಕು ಕೂಡ ಒಂದು ಚೂರು ಬಲಕ್ಕೆ, ಹೊರಗಡೆಗೆ ವಾಲಿರಬೇಕು. ರಸ್ತೆ ಎಡಕ್ಕೆ ಇಳಿಜಾರು ಇರುತ್ತದಲ್ಲ, ಭಾರ ಬಿದ್ದಾಗ ನೇರ ನಿಲ್ಲುತ್ತದೆ.

ಕೊಯ್ಲಾದ ಗದ್ದೆಯಲ್ಲಿ ಮೊದಲ ಸವಾರಿ. ಇಪ್ಪತ್ತು ವರ್ಷ ಬೈಕ್ ಓಡಿಸಿದ್ದೇನೆ ಅನ್ನುವ ಜಂಬ ಎರಡು ನಿಮಿಷದಲ್ಲಿ ಇಳಿಯಿತು. ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ, ಅದಕ್ಕೆ ಹೇಗೋ ಹೊಂದಿಕೊಳ್ಳಬಹುದು. ಆದರೆ ಈ ಗಾಡಿ ವಾಲುವುದಿಲ್ಲ. ಮೈ ವಾಲಿಸಿದರೆ ಏನೂ ಆಗುವುದಿಲ್ಲ, ಹ್ಯಾಂಡಲನ್ನು ತೋಳಿನ ಬಲದಲ್ಲಿ ತಿರುಗಿಸಬೇಕು. ಆಕ್ಸಿಲರೇಟರ್ ಕೊಟ್ಟರೆ ಪಕ್ಕದ ಭಾರ ಹಿಂದೆ ಉಳಿದು ಎಡಕ್ಕೆ ಎಳೆಯುತ್ತದೆ. ಬ್ರೇಕ್ ಹಾಕಿದರೆ ಅದೇ ಭಾರ ಮುಂದೆ ನುಗ್ಗಿ ಬಲಕ್ಕೆ ತಳ್ಳುತ್ತದೆ, ಯಾಕೆಂದರೆ ಆ ಚಕ್ರಕ್ಕೆ ಬ್ರೇಕೇ ಇಲ್ಲ. ಎಡಕ್ಕೆ ಸ್ವಲ್ಪ ಜೋರಾಗಿ ತಿರುಗಿಸಿದೆ. ಖಾಲಿ ತೊಟ್ಟಿ ಗಾಳಿಗೆ ಎದ್ದಿತು. ನಾನು ಗಾಬರಿಯಲ್ಲಿ ಹ್ಯಾಂಡಲ್ ಬಿಟ್ಟುಕೊಟ್ಟೆ, ಗಾಡಿ ಸೀದಾ ಹೋಗಿ ಗದ್ದೆಯ ಅಂಚಿನ ಹುಣಿಗೆ ಮೂತಿ ಇಟ್ಟು ನಿಂತಿತು.

"ಖಾಲಿ ಓಡಿಸಬಾರದು. ಅವರು ಪಂಪ್ ಇಲ್ಲದಾಗ ಅಕ್ಕಿ ಮೂಟೆ ಹಾಕಿಕೊಂಡು ಹೋಗುತ್ತಿದ್ದರು" ಅಂದರು ದೊಡ್ಡಮ್ಮ. ಇದನ್ನೂ ನಾವು ಕೇಳಿರಲಿಲ್ಲ. ಐವತ್ತು ಕಿಲೋ ಕುಚ್ಚಲಕ್ಕಿ ಹಾಕಿಕೊಂಡ ಮೇಲೆ ಗಾಡಿ ಸಾಧುವಾಯಿತು.

ಕಾಗದಪತ್ರಕ್ಕೆ ಮೂರು ಸಲ ಕಚೇರಿ ಮೆಟ್ಟಿಲು ಹತ್ತಿದೆ. ಐವತ್ತು ವರ್ಷ ದಾಟಿದ ಗಾಡಿಗೆ 2021ರಿಂದ ವಿಂಟೇಜ್ ನೋಂದಣಿ ಅಂತ ಒಂದಿದೆ. ಹೊಸ ನೋಂದಣಿಯಾದರೆ ನಂಬರಿನಲ್ಲಿ ವಿಎ ಅಂತ ಬರುತ್ತದೆ, ಶುಲ್ಕ 20,000 ರೂಪಾಯಿ, ಹತ್ತು ವರ್ಷ ನಡೆಯುತ್ತದೆ. ಎಲ್ಲರೂ ಅದನ್ನೇ ಮಾಡಿಸಿ ಅಂದರು. ಆದರೆ ಅದರಲ್ಲಿ ದಿನಬಳಕೆಗೆ ರಸ್ತೆಗಿಳಿಸುವ ಹಾಗಿಲ್ಲ. ಪ್ರದರ್ಶನ, ರ್‍ಯಾಲಿ, ಪೆಟ್ರೋಲ್, ರಿಪೇರಿ, ಇಷ್ಟಕ್ಕೇ. ನಾನು ದಂಡ ಕಟ್ಟಿ ಹಳೇ ಆರ್‌ಸಿಯನ್ನೇ ಐದು ವರ್ಷಕ್ಕೆ ನವೀಕರಿಸಿಕೊಂಡೆ. ಎಂವೈ ನಂಬರ್ ಉಳಿಯಿತು, ಕೆಲಸಕ್ಕೆ ಹೋಗುವ ಹಕ್ಕೂ ಉಳಿಯಿತು.

ಮಾರುವ ಮಾತು ಆಮೇಲೆ ಬಂದಿಲ್ಲ. ನಾನಾಗಿ ಎತ್ತಿಯೂ ಇಲ್ಲ.

ಮಾರ್ಚಿನಲ್ಲಿ ಕೊಬ್ಬರಿ ಒಣಗಿತು. ಎರಡು ಗೋಣಿ ಎಣ್ಣೆ ಮಿಲ್ಲಿಗೆ ಹೋಗಬೇಕು. ತೊಟ್ಟಿಯಲ್ಲಿ ದಿಂಬು ಹಾಕಿ ಕೊಡುತ್ತೇನೆ, ನೀವು ಕೂತುಕೊಳ್ಳಿ ಅಂತ ದೊಡ್ಡಮ್ಮನಿಗೆ ಹೇಳಿದೆ. ಮೊಬೈಲನ್ನೂ ಚಾರ್ಜ್ ಮಾಡಿ ಇಟ್ಟುಕೊಂಡಿದ್ದೆ, ಹಳೇ ಫೋಟೋದ ಪಕ್ಕ ಇನ್ನೊಂದು ಇರಲಿ ಅಂತ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಾನಲ್ಲಿ ಕೂತರೆ ಗೋಣಿ ಎಲ್ಲಿ ಇಡುವುದು?" ಅಂದರು. ಅವರಿಗೆ ಆಟೋ ಬಂತು.

ಆಟೋ ಮುಂದೆ, ನಾನೂ ಗೋಣಿಗಳೂ ಹಿಂದೆ. ಬ್ರಹ್ಮಾವರದ ದಾರಿಯಲ್ಲಿ ಒಂದು ಎಡ ತಿರುವು ಇದೆ. ತಿರುವಿಗೆ ಇನ್ನೂ ಸ್ವಲ್ಪ ದೂರ ಇರುವಾಗಲೇ ದೊಡ್ಡಮ್ಮ ಆಟೋದಿಂದ ತಲೆ ಹೊರಗೆ ಹಾಕಿದರು. ನನ್ನನ್ನು ನೋಡಲಿಲ್ಲ. ಅವರ ಕಣ್ಣು ಸೈಡ್‌ಕಾರಿನ ಚಕ್ರದ ಮೇಲಿತ್ತು. ಕೈಯನ್ನು ಎರಡು ಸಲ ಕೆಳಗೆ ಆಡಿಸಿದರು, ನಿಧಾನ, ನಿಧಾನ ಅನ್ನುವ ಹಾಗೆ. ಗೇರ್ ಇಳಿಸಿ ತಿರುಗಿಸಿದೆ. ಚಕ್ರ ಏಳಲಿಲ್ಲ. ಅವರು ತಲೆ ಒಳಗೆ ಎಳೆದುಕೊಂಡರು.